ಓಷನ್ ವ್ಯೂ ಅಂದ್ರೆ ಎಷ್ಟು ಸಮುದ್ರ?

ನಮ್ಮೂರ ಕಡೆ ಹೋಟೆಲ್ ಅಂದ್ರೆ ತಿನ್ನೋ ಜಾಗ. ಮಲಗೋ ಜಾಗಕ್ಕೆ ಲಾಡ್ಜ್ ಅಂತಾರೆ. ದೇವಸ್ಥಾನದ ಊರಿಗೆ ಹೋದ್ರೆ ಛತ್ರ. ಈ ಮೂರಕ್ಕೂ ವಿಮರ್ಶೆ ಬರೆಯೋ ಪದ್ಧತಿ ಇರಲಿಲ್ಲ. ನೀರು ಬರುತ್ತಾ, ಬಾಗಿಲಿಗೆ ಚಿಲಕ ಇದೆಯಾ, ಇವೆರಡು ಕೇಳಿದ್ರೆ ಮುಗೀತು. ಈಗ ಮೂರು ರಾತ್ರಿ ಉಳಿಯೋದಕ್ಕೆ ಮೂರು ವಾರ ಓದುತ್ತೇವೆ. ಕಾದಂಬರಿ ಓದಿ ಎಷ್ಟು ವರ್ಷ ಆಯ್ತು ಅಂತ ಕೇಳಿದ್ರೆ ತಲೆ ತಗ್ಗಿಸೋ ನನ್ನ ಆಫೀಸಿನ ಗೆಳೆಯರು, ಲಾಂಗ್ ವೀಕೆಂಡ್ ಹತ್ತಿರ ಬಂದಾಗ ಹೋಟೆಲ್ ರಿವ್ಯೂಗಳನ್ನ ನೂರಾರು ಪುಟ ಓದಿ ಬಿಸಾಕುತ್ತಾರೆ. ನಮ್ಮ ಪೀಳಿಗೆ ಅತಿ ಹೆಚ್ಚು ಓದಿರೋ ಸಾಹಿತ್ಯ ಪ್ರಕಾರ ಯಾವುದು ಅಂದ್ರೆ ಹೋಟೆಲಿನ ಪುಟ ಅಂತ ಧೈರ್ಯವಾಗಿ ಹೇಳಬಹುದು. ಅಷ್ಟು ಓದೋ ವಸ್ತುವನ್ನ ಕತೆ, ಸಿನಿಮಾ ತೂಗಿದ ಹಾಗೆ ಯಾಕೆ ಯಾರೂ ತೂಗೋದಿಲ್ಲ? ಆ ಕೆಲಸಕ್ಕೆ ನಾನು ಇಲ್ಲಿ ಒಂದೇ ಊರನ್ನ ತಗೊಂಡಿದ್ದೀನಿ: ಮಯಾಮಿ ಬೀಚ್.

ಮೊದಲು ಊರು ಯಾವುದು ಅಂತ ಸ್ಪಷ್ಟ ಮಾಡಿಕೊಳ್ಳೋಣ. ಮಯಾಮಿ ಬೇರೆ, ಮಯಾಮಿ ಬೀಚ್ ಬೇರೆ. ಬಿಸ್ಕೇನ್ ಕೊಲ್ಲಿಯ ಆಚೆ ಉದ್ದಕ್ಕೆ ಮಲಗಿರೋ ಒಂದು ತೆಳ್ಳನೆ ದ್ವೀಪ ಅದು. 1915ರಿಂದ ಅದಕ್ಕೆ ಅದರದ್ದೇ ಮುನಿಸಿಪಾಲಿಟಿ. ಒಳನಾಡಿನಿಂದ ಸೇತುವೆ ದಾಟಿಯೇ ಹೋಗಬೇಕು. "ಮಯಾಮಿಯಲ್ಲಿ ಅಗ್ಗದ ಹೋಟೆಲ್" ಅಂತ ಹುಡುಕಿ, ವಿಮಾನ ನಿಲ್ದಾಣದ ಪಕ್ಕ ರೂಮು ಹಿಡಿದು, ಆಮೇಲೆ "ಸಮುದ್ರ ಎಲ್ಲಿ ಸ್ವಾಮಿ?" ಅಂತ ಕೇಳೋರಿಗೆ ಕೊರತೆ ಇಲ್ಲ.

ದ್ವೀಪದ ಮೇಲೆ ಬೀದಿಗಳಿಗೆ ನಂಬರ್ ಇದೆ. ದಕ್ಷಿಣದ ತುದಿಯಲ್ಲಿ ಒಂದನೇ ಬೀದಿ, ಉತ್ತರಕ್ಕೆ ಹೋದ ಹಾಗೆ ಏರುತ್ತಾ ಹೋಗುತ್ತೆ. ಇವನ್ನ ಅಡ್ಡ ಹಾಯೋ ಉದ್ದನೆಯ ರಸ್ತೆಗಳಲ್ಲಿ ಕಡಲಿಗೆ ಹತ್ತಿರದ್ದು ಓಷನ್ ಡ್ರೈವ್, ಅದರ ಹಿಂದೆ ಕಾಲಿನ್ಸ್ ಅವೆನ್ಯೂ, ಅದರ ಹಿಂದೆ ವಾಷಿಂಗ್ಟನ್ ಅವೆನ್ಯೂ. ಈ ಮೂರು ಹೆಸರು ತಲೇಲಿ ಕೂತ್ರೆ ಹೋಟೆಲ್ ಪುಟದ ಅರ್ಧ ವಿಶೇಷಣಗಳ ಬಣ್ಣ ಅಲ್ಲೇ ಬಿಡುತ್ತೆ.

ಉದಾಹರಣೆಗೆ "ಬೀಚಿನ ಎದುರು". ಓಷನ್ ಡ್ರೈವ್ ಹೋಟೆಲ್‌ಗಳು ಹಾಗೆ ಬರೆದುಕೊಂಡ್ರೆ ಸುಳ್ಳಲ್ಲ. ಆದ್ರೆ 5ನೇ ಬೀದಿಯಿಂದ 15ನೇ ಬೀದಿ ಆಸುಪಾಸಿನವರೆಗೆ ಹೋಟೆಲಿಗೂ ನೀರಿಗೂ ನಡುವೆ ರಸ್ತೆ, ಅದರಾಚೆ ಲಮ್ಮಸ್ ಪಾರ್ಕ್, ಅದರಾಚೆ ಗಿಡ ಬೆಳೆದ ಮರಳದಿಬ್ಬ, ಅದರಾಚೆ ಅಗಲವಾದ ಮರಳು, ಆಮೇಲೆ ಅಲೆ. ನಡೆಯೋಕೆ ಚೆಂದ. ಆದ್ರೆ ಬಾಗಿಲು ತೆಗೆದ್ರೆ ಕಾಲಿಗೆ ಅಲೆ ತಾಗುತ್ತೆ ಅನ್ನೋ ಕಲ್ಪನೆ ಇಟ್ಟುಕೊಂಡು ಹೋಗಬಾರದು. ಸುಮಾರು 15ನೇ ಬೀದಿ ದಾಟಿದ ಮೇಲೆ ಓಷನ್ ಡ್ರೈವ್ ಮುಗಿದುಹೋಗುತ್ತೆ. ಅಲ್ಲಿಂದ ಮೇಲಕ್ಕೆ ಕಾಲಿನ್ಸ್ ಅವೆನ್ಯೂದ ಪೂರ್ವದ ಮಗ್ಗುಲಲ್ಲಿರೋ ಹೋಟೆಲ್‌ಗಳ ಹಿತ್ತಲೇ ಬೀಚು. ಹೆಸರಲ್ಲಿ ಓಷನ್ ಇರೋ ರಸ್ತೆಗಿಂತ ಹೆಸರಲ್ಲಿ ಓಷನ್ ಇಲ್ಲದ ರಸ್ತೆಯಲ್ಲಿ ಓಷನ್ ಹತ್ತಿರ. ಪುಟ ಇದನ್ನ ಹೇಳೋದಿಲ್ಲ, ಮ್ಯಾಪ್ ಹೇಳುತ್ತೆ.

ಇನ್ನು "ವ್ಯೂ". ಓಷನ್ ಫ್ರಂಟ್, ಓಷನ್ ವ್ಯೂ, ಪಾರ್ಶಿಯಲ್ ಓಷನ್ ವ್ಯೂ, ಸಿಟಿ ವ್ಯೂ. ನಾಲ್ಕಕ್ಕೂ ನಾಲ್ಕು ರೇಟು. ಸಾಮಾನ್ಯವಾಗಿ ಓಷನ್ ಫ್ರಂಟ್ ಅಂದ್ರೆ ಕಿಟಕಿಯೇ ಕಡಲಿಗೆ ಮುಖ ಮಾಡಿರುತ್ತೆ. ಓಷನ್ ವ್ಯೂ ಅಂದ್ರೆ ಕಿಟಕಿ ಬೇರೆಲ್ಲೋ ನೋಡ್ತಿದ್ರೂ ಒಂದು ಕೋನದಿಂದ ಕಡಲು ಕಾಣುತ್ತೆ. ಪಾರ್ಶಿಯಲ್ ಅಂದ್ರೆ ಕುತ್ತಿಗೆಯ ಕೆಲಸ. ಸಿಟಿ ವ್ಯೂ ಅನ್ನೋದು ಪಕ್ಕದ ಕಟ್ಟಡದ ಗೋಡೆಗೆ ಇಟ್ಟಿರೋ ಮರ್ಯಾದೆಯ ಹೆಸರು. ನಮ್ಮವರಿಗೆ ಇನ್ನೊಂದು ವಿಷಯ ಹೇಳಲೇಬೇಕು. ನಾವು ಗೋಕರ್ಣ, ಮಲ್ಪೆ, ಕಾರವಾರದ ಕಡಲು ನೋಡಿ ಬೆಳೆದೋರು, ನಮ್ಮ ಕಡಲಲ್ಲಿ ಸೂರ್ಯ ಮುಳುಗ್ತಾನೆ. ಅಟ್ಲಾಂಟಿಕ್ ಆ ಊರಿಗೆ ಪೂರ್ವಕ್ಕಿದೆ, ಅಲ್ಲಿ ಸೂರ್ಯ ಕಡಲಿಂದ ಹುಟ್ತಾನೆ. "ಅದ್ಭುತ ಸೂರ್ಯಾಸ್ತದ ನೋಟ" ಅಂತ ಬರೆದಿರೋ ರೂಮು ಕೊಲ್ಲಿಯ ಕಡೆ ತಿರುಗಿದೆ ಅಂತಲೇ ಲೆಕ್ಕ. ಸುಳ್ಳು ಹೇಳದೆ ಸತ್ಯ ಮುಚ್ಚೋ ಈ ವಿದ್ಯೆಯನ್ನ ಹೋಟೆಲ್ ಪುಟದಷ್ಟು ಚೆನ್ನಾಗಿ ಕಲಿತ ಪ್ರಕಾರ ಇನ್ನೊಂದಿಲ್ಲ.

ನೋಟ ಅನ್ನೋದು ಎಷ್ಟು ದೊಡ್ಡ ಆಸ್ತಿ, ಎಷ್ಟು ಅಭದ್ರ ಆಸ್ತಿ ಅನ್ನೋದಕ್ಕೆ ಇದೇ ಊರಲ್ಲಿ ಒಂದು ಪ್ರಸಿದ್ಧ ಜಗಳ ಇದೆ. ಕಾಲಿನ್ಸ್ ಅವೆನ್ಯೂದ 44ನೇ ಬೀದಿ ಹತ್ತಿರ ಫೌಂಟನ್‌ಬ್ಲೂ ಹೋಟೆಲ್ ಇದೆ. 1954ರದ್ದು, ಮಾರಿಸ್ ಲ್ಯಾಪಿಡಸ್ ಅನ್ನೋ ವಾಸ್ತುಶಿಲ್ಪಿಯ ವಿನ್ಯಾಸ. ಪಕ್ಕದಲ್ಲೇ ಈಡನ್ ರಾಕ್, ಅದೂ ಲ್ಯಾಪಿಡಸ್‌ನದೇ. ಫೌಂಟನ್‌ಬ್ಲೂನವರು 14 ಅಂತಸ್ತಿನ ಇನ್ನೊಂದು ಕಟ್ಟಡ ಎಬ್ಬಿಸೋಕೆ ಹೊರಟ್ರು. ಅದು ಎದ್ರೆ ಚಳಿಗಾಲದಲ್ಲಿ, ಅಂದ್ರೆ ಸೀಸನ್ನಲ್ಲಿ, ಮಧ್ಯಾಹ್ನ ಎರಡು ಗಂಟೆಯ ಹೊತ್ತಿಗೆ ಈಡನ್ ರಾಕ್‌ನ ಈಜುಕೊಳದ ಮೇಲೆ ನೆರಳು. ಬಿಸಿಲು ಕಾಯೋಕೆ ದುಡ್ಡು ಕೊಟ್ಟು ಬಂದ ಗಿರಾಕಿ ನೆರಳಲ್ಲಿ ಕೂತು ಏನು ಮಾಡಬೇಕು? ಈಡನ್ ರಾಕ್‌ನವರು ಕೋರ್ಟಿಗೆ ಹೋದ್ರು. 1959ರಲ್ಲಿ ಫ್ಲಾರಿಡಾದ ಮೇಲ್ಮನವಿ ಕೋರ್ಟು, ಪಕ್ಕದವನ ಜಾಗದ ಮೇಲಿಂದ ಹಾದು ಬರೋ ಬಿಸಿಲಿನ ಮೇಲೆ ನಿಮಗೆ ಕಾನೂನಿನ ಹಕ್ಕೇನೂ ಇಲ್ಲ ಅಂತ ಹೇಳಿತು. ಅಮೆರಿಕದ ಕಾನೂನು ವಿದ್ಯಾರ್ಥಿಗಳು ಈಗಲೂ ಈ ಕೇಸು ಓದ್ತಾರೆ. ನಮ್ಮ ಕಡೆ ಪಕ್ಕದ ಜಮೀನಿನವನ ಮರ ನಮ್ಮ ಬದುವಿನ ಮೇಲೆ ನೆರಳು ಹಾಕ್ತು ಅಂತ ಆಗೋ ಜಗಳವೇ ಇದು. ಮರ ಇಲ್ಲಿ ಕಾಂಕ್ರೀಟಿನದು, ಅಷ್ಟೇ.

"ಪ್ರೈವೇಟ್ ಬೀಚ್" ಅನ್ನೋ ಮಾತೂ ಹೀಗೇ. 1970ರ ದಶಕದ ಹೊತ್ತಿಗೆ ಕಡಲು ಕೊರೆದು ಕೊರೆದು ಅಲ್ಲಿನ ಎಷ್ಟೋ ಹೋಟೆಲ್‌ಗಳ ಮುಂದೆ ಮರಳೇ ಇರಲಿಲ್ಲ. ಆ ದಶಕದ ಕೊನೆಯಲ್ಲಿ ಅಮೆರಿಕದ ಸೇನಾ ಎಂಜಿನಿಯರ್‌ಗಳು ಕಡಲತಳದಿಂದ ಮರಳು ಎತ್ತಿ ಸುರಿದು ದಂಡೆ ಕಟ್ಟಿದ್ರು. ಇವತ್ತಿಗೂ ಆಗಾಗ ಸುರೀತಾರೆ. ನಾವು ನೋಡೋ ಆ ಅಗಲವಾದ ಬಿಳಿ ಮರಳು ಸಾರ್ವಜನಿಕರ ತೆರಿಗೆ ದುಡ್ಡಿನ ಮರಳು, ಯಾರು ಬೇಕಾದ್ರೂ ಟವೆಲ್ ಹಾಸಬಹುದು. ಹೋಟೆಲಿನದ್ದು ಅಂತ ಇರೋದು ಅದರ ಮೇಲಿಟ್ಟಿರೋ ಕುರ್ಚಿ, ಕೊಡೆ. ಮರಳು ಎಲ್ಲರದು, ಕುರ್ಚಿ ಅವರದು. "ಪ್ರೈವೇಟ್ ಬೀಚ್" ಅಂತ ಕಂಡಲ್ಲೆಲ್ಲ "ಪ್ರೈವೇಟ್ ಕುರ್ಚಿ" ಅಂತ ಓದಿಕೊಳ್ಳಿ.

ಈಗ ಗಿರಾಕಿಗಳು ಬರೆಯೋ ರಿವ್ಯೂಗೆ ಬರೋಣ. ಸೌತ್ ಬೀಚಿನ ಹಳೇ ಹೋಟೆಲ್‌ಗಳ ಬಗ್ಗೆ ಪದೇ ಪದೇ ಬರೋ ದೂರು: "ರೂಮು ತುಂಬಾ ಚಿಕ್ಕದು." ಹೌದು, ಚಿಕ್ಕದು. ಯಾಕೆ ಚಿಕ್ಕದು ಅಂತ ಯಾವ ರಿವ್ಯೂನೂ ಕೇಳೋದಿಲ್ಲ. 1926ರ ಚಂಡಮಾರುತ ಆ ಊರನ್ನ ನೆಲಕ್ಕೆ ಬಡಿದಿತ್ತು. ಆಮೇಲೆ 1930ರ ದಶಕದಲ್ಲಿ, ಆರ್ಥಿಕ ಕುಸಿತದ ಕಾಲದಲ್ಲೇ, ಹೆನ್ರಿ ಹೊಹಾಸರ್, ಎಲ್. ಮರ್ರೆ ಡಿಕ್ಸನ್ ಥರದ ವಾಸ್ತುಶಿಲ್ಪಿಗಳು ಎರಡು-ಮೂರು ಅಂತಸ್ತಿನ ಸಣ್ಣ ಸಣ್ಣ ಹೋಟೆಲ್‌ಗಳನ್ನ ಸಾಲಾಗಿ ಕಟ್ಟಿದ್ರು. ಓಷನ್ ಡ್ರೈವಿನ ಕಾಲನಿ ಹೋಟೆಲ್ 1935ರದು, ಹೊಹಾಸರ್‌ನದು. ಕೋಟ್ಯಧೀಶರಿಗೆ ಅಂತ ಕಟ್ಟಿದ್ದಲ್ಲ ಇವು, ಮಧ್ಯಮ ವರ್ಗದವರು ಚಳಿಗೆ ತಪ್ಪಿಸಿಕೊಂಡು ಬಂದು ನಾಲ್ಕು ದಿನ ಇರೋಕೆ. ಮಲಗೋಕೆ ಮಾತ್ರ ರೂಮು, ಬದುಕೋದೆಲ್ಲ ಹೊರಗೆ. ಎ.ಸಿ. ಮನೆಮಾತಾಗದ ಕಾಲ, ಅದಕ್ಕೇ ಕಿಟಕಿಗಳ ಮೇಲೆ ಹುಬ್ಬಿನ ಹಾಗೆ ಕಾಂಕ್ರೀಟಿನ ಚಾಚು. ಅವರೂ ಅದನ್ನ ಹುಬ್ಬು ಅಂತಲೇ ಕರೀತಾರೆ. ಮಧ್ಯಾಹ್ನದ ಬಿಸಿಲು ತಡೆಯೋಕೆ ಅದು. ಹಡಗಿನ ಕಿಟಕಿಯ ಥರ ದುಂಡಗಿನ ಕಿಂಡಿ, ಮೂರು ಭಾಗ ಮಾಡಿದ ಮುಖ, ಮೂಲೆಗಳನ್ನ ನಯವಾಗಿ ಉರುಟು ಮಾಡಿದ ಗೋಡೆ. ಇದೆಲ್ಲ ಕಡಿಮೆ ದುಡ್ಡಿನಲ್ಲಿ ಚೆಂದ ಕಾಣಿಸೋ ಜಾಣತನ. ಸಣ್ಣ ರೂಮನ್ನ ಬೈಯೋದು, ದ್ವಿಪದಿ ಓದಿ ಇದು ಮಹಾಕಾವ್ಯ ಅಲ್ಲ ಅಂತ ಬೈದ ಹಾಗೆ.

ಆ ಗುಲಾಬಿ, ಪುದೀನ ಹಸಿರು, ತಿಳಿ ನೀಲಿ ಬಣ್ಣಗಳು ಮೂಲದ್ದಲ್ಲ ಅನ್ನೋದು ಇನ್ನೊಂದು ಸಂಗತಿ. ಕಟ್ಟಿದಾಗ ಬಹುಪಾಲು ಬಿಳಿ ಗೋಡೆ, ಅಲ್ಲಲ್ಲಿ ಬಣ್ಣದ ಅಂಚು. 1980ರ ದಶಕದಲ್ಲಿ ಲೆನರ್ಡ್ ಹೊರೊವಿಟ್ಜ್ ಅನ್ನೋ ವಿನ್ಯಾಸಕಾರ ಬಳಿಸಿದ ಬಣ್ಣ ಇದು. 1984ರಲ್ಲಿ ಶುರುವಾದ ಮಯಾಮಿ ವೈಸ್ ಧಾರಾವಾಹಿ ಅದನ್ನ ಜಗತ್ತಿಗೆಲ್ಲ ತೋರಿಸ್ತು. ಅದಕ್ಕೂ ಮೊದಲು, 1976ರಲ್ಲಿ, ಬಾರ್ಬರಾ ಕ್ಯಾಪಿಟ್‌ಮನ್ ಅನ್ನೋ ಹೆಂಗಸು ಸಂಘ ಕಟ್ಟಿ ಹಟ ಹಿಡಿಯದೇ ಇದ್ದಿದ್ರೆ ಇವೆಲ್ಲ ನೆಲಸಮ ಆಗಿ ಅಪಾರ್ಟ್‌ಮೆಂಟ್ ಗೋಪುರ ಏಳ್ತಿತ್ತು. 1979ರಲ್ಲಿ ಸುಮಾರು 800 ಕಟ್ಟಡಗಳಿರೋ ಆ ಪ್ರದೇಶ ರಾಷ್ಟ್ರೀಯ ಚಾರಿತ್ರಿಕ ಸ್ಥಳಗಳ ಪಟ್ಟಿಗೆ ಸೇರಿತು. ಪಟ್ಟಿಗೆ ಸೇರಿದ್ದೂ ಸಾಕಾಗಲಿಲ್ಲ, ಆಮೇಲೂ ಕೆಲವು ಉರುಳಿದವು. 1988ರಲ್ಲಿ ಸೆನೆಟರ್ ಹೋಟೆಲನ್ನ ಕೆಡವಿ ಹಾಕಿದ್ರು.

ಇನ್ನು ಅಂಕ. 8.1, 4.2 ಅಂತೆಲ್ಲ ಇರುತ್ತಲ್ಲ, ಅದು. ನನ್ನ ಹೊಟ್ಟೆಪಾಡು ಡೇಟಾದ ಜೊತೆ, ಹಾಗಾಗಿ ಇದರ ಬಗ್ಗೆ ಸ್ವಲ್ಪ ಜಾಸ್ತಿ ಮಾತು. ಒಂದು ಹೋಟೆಲಿಗೆ ಎಲ್ಲರೂ 8 ಕೊಟ್ಟಿದ್ದಾರೆ. ಇನ್ನೊಂದಕ್ಕೆ ಅರ್ಧ ಜನ 10, ಅರ್ಧ ಜನ 6. ಎರಡರ ಸರಾಸರಿಯೂ 8. ಓಷನ್ ಡ್ರೈವಿನ ಹೋಟೆಲ್‌ಗಳು ಈ ಎರಡನೇ ಜಾತಿಯವು. ರಾತ್ರಿ ಎರಡು ಗಂಟೆಗೆ ಕೆಳಗಡೆ ಡ್ರಮ್ಮು ಬಡೀತಾರೆ ಅನ್ನೋ ಒಂದೇ ಕಾರಣಕ್ಕೆ ಇಪ್ಪತ್ತನಾಲ್ಕರ ಹುಡುಗ 10 ಕೊಡ್ತಾನೆ, ಅರವತ್ತರ ಹೆಂಗಸು 6 ಕೊಡ್ತಾಳೆ. ಇಬ್ಬರೂ ಸರಿ. ಇವರಿಬ್ಬರನ್ನ ಸೇರಿಸಿ ಭಾಗಿಸಿದ್ರೆ ಸಿಗೋ ಮೂರನೆಯವನು ಭೂಮಿ ಮೇಲೆ ಹುಟ್ಟೇ ಇಲ್ಲ. ಹುಟ್ಟದೇ ಇರೋ ಅವನ ಅಭಿಪ್ರಾಯ ನಂಬಿ ನಾವು ದುಡ್ಡು ಕಟ್ತೀವಿ.

ಅಳತೆಗೋಲೂ ನೆಟ್ಟಗಿರುತ್ತೆ ಅಂತಿಲ್ಲ. ಒಂದು ಹೆಸರಾಂತ ಬುಕಿಂಗ್ ತಾಣದಲ್ಲಿ ಬಹಳ ವರ್ಷ ಹತ್ತರ ಅಳತೆಯಲ್ಲಿ ಅತಿ ಕಡಿಮೆ ಅಂಕವೇ 2.5 ಆಗಿತ್ತು, ಎಷ್ಟೇ ಬೈದ್ರೂ ಅದಕ್ಕಿಂತ ಕೆಳಗೆ ಇಳೀತಿರಲಿಲ್ಲ. 2014ರಲ್ಲಿ ಅಮೆರಿಕನ್ ಎಕನಾಮಿಕ್ ರಿವ್ಯೂ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು. ಯಾರು ಬೇಕಾದ್ರೂ ರಿವ್ಯೂ ಬರೆಯಬಹುದಾದ ತಾಣ ಒಂದು, ಬುಕ್ ಮಾಡಿದವರು ಮಾತ್ರ ಬರೆಯಬಹುದಾದ ತಾಣ ಇನ್ನೊಂದು. ಒಂದೇ ಹೋಟೆಲಿಗೆ ಎರಡರಲ್ಲೂ ಬಂದ ರಿವ್ಯೂಗಳನ್ನ ಅವರು ಪಕ್ಕಪಕ್ಕ ಇಟ್ಟು ನೋಡಿದ್ರು. ಸಣ್ಣ ಮಾಲೀಕನ ಸ್ವತಂತ್ರ ಹೋಟೆಲ್ ಪಕ್ಕದಲ್ಲಿದ್ರೆ, ಯಾರು ಬೇಕಾದ್ರೂ ಬರೆಯಬಹುದಾದ ತಾಣದಲ್ಲಿ ನಿಮಗೆ ಬೈಗುಳ ಜಾಸ್ತಿ ಬೀಳೋದು ಕಂಡುಬಂತು. ನಮ್ಮೂರಲ್ಲಿ ಎದುರು ಅಂಗಡಿಯವನ ಬೆಲ್ಲದಲ್ಲಿ ಮರಳಿದೆ ಅಂತ ಹಬ್ಬಿಸೋ ಕಲೆಗೆ ಅಲ್ಲಿ ಕೋಷ್ಟಕ ಹಾಕಿದ್ದಾರೆ. ಪಟ್ಟಿಯ ಮೇಲ್ಗಡೆ "ನಿಮಗಾಗಿ ಆರಿಸಿದ್ದು" ಅಂತ ಬರೋ ಹೋಟೆಲ್ ಕೂಡ ನಿಮಗಾಗಿಯೇ ಅಂತೇನಿಲ್ಲ. ಹೋಟೆಲ್ ಕೊಡೋ ಕಮಿಷನ್ನಿಗೂ ಆ ಸ್ಥಾನಕ್ಕೂ ನಂಟಿರಬಹುದು ಅಂತ ಅಂಥ ತಾಣಗಳೇ ಸಣ್ಣ ಅಕ್ಷರದಲ್ಲಿ ಬರೆದುಕೊಂಡಿರ್ತವೆ.

ರೇಟಿನ ಕತೆ ಕೇಳಿದ್ರೆ ನನಗೆ ನಮ್ಮ ಕಡೆಯ ದನದ ಜಾತ್ರೆ ನೆನಪಾಗುತ್ತೆ. ಅಲ್ಲಿ ದಲ್ಲಾಳಿ ಟವೆಲ್ ಅಡಿಯಲ್ಲಿ ಬೆರಳು ಹಿಡಿದು ಎತ್ತಿನ ಬೆಲೆ ಹೇಳ್ತಾನೆ. ಪಕ್ಕದಲ್ಲಿ ನಿಂತೋನಿಗೂ ಗೊತ್ತಾಗಲ್ಲ. ಆದ್ರೆ ಬೆರಳು ಹಿಡಿದ ಇಬ್ಬರಿಗಂತೂ ಪೂರ್ತಿ ಬೆಲೆ ಗೊತ್ತಿರುತ್ತೆ. ಮಯಾಮಿ ಬೀಚಲ್ಲಿ ಕೊಳ್ಳೋನಿಗೇ ಟವೆಲ್ ಮುಚ್ಚಿದ್ರು. ರಾತ್ರಿಗೆ ಇಷ್ಟು ಅಂತ ತೋರಿಸಿ, ಕೌಂಟರಿನಲ್ಲಿ "ರೆಸಾರ್ಟ್ ಫೀ" ಅಂತ ದಿನಕ್ಕೆ ನಲವತ್ತು-ಐವತ್ತು ಡಾಲರ್ ಸೇರಿಸೋದು ಅಲ್ಲಿ ಮಾಮೂಲಿಯಾಗಿತ್ತು. ಅದರ ಮೇಲೆ ತೆರಿಗೆ, ಕಾರಿದ್ರೆ ವ್ಯಾಲೆ ಪಾರ್ಕಿಂಗ್. 2023ರ ಡಿಸೆಂಬರಿನಲ್ಲಿ ಅಪ್ಪ-ಅಮ್ಮ ನನ್ನ ಹತ್ತಿರ ಬಂದಿದ್ದಾಗ ಟ್ಯಾಂಪಾದಿಂದ ಕಾರಲ್ಲಿ ಕರ್ಕೊಂಡು ಹೋಗಿದ್ದೆ. ಬಿಲ್ಲಿನ ಆ ಸಾಲು ಏನು ಅಂತ ಅಪ್ಪ ಕೇಳಿದ್ರು. ಎರಡು ಬಾಟ್ಲಿ ನೀರು, ಜಿಮ್ಮು, ಲೋಕಲ್ ಫೋನು, ಬೀಚಲ್ಲಿ ಎರಡು ಕುರ್ಚಿ ಅಂತ ಓದಿ ಹೇಳಿದೆ.

"ಜಿಮ್ಮಿಗೆ ನಾನ್ಯಾಕೋ ಹೋಗ್ಲಿ? ಮಂಡಿ ನೋವು ಅಂತ ಅವರಿಗೆ ಹೇಳು, ಕಳೀತಾರೇನೋ."

"ಕಳಿಯಲ್ಲಪ್ಪಾ, ಅದು ಕಡ್ಡಾಯ."

"ಕಡ್ಡಾಯ ಅಂದ್ಮೇಲೆ ಬಾಡಿಗೆಗೇ ಸೇರಿಸಿ ಹೇಳ್ಬೇಕಿತ್ತು ಕಣೋ. ಇದ್ಯಾವ ವ್ಯಾಪಾರ?"

ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ನಿಗೆ ಇದೇ ಮಾತನ್ನ ನಿಯಮವಾಗಿ ಬರೆಯೋಕೆ ಇನ್ನೂ ಒಂದು ವರ್ಷ ಬೇಕಾಯ್ತು. 2024ರ ಡಿಸೆಂಬರಿನಲ್ಲಿ ಪ್ರಕಟಿಸಿದ ನಿಯಮ 2025ರ ಮೇ 12ರಿಂದ ಜಾರಿಗೆ ಬಂತು: ಹೋಟೆಲ್ ರೇಟು ತೋರಿಸುವಾಗ ಕಡ್ಡಾಯ ಶುಲ್ಕ ಎಲ್ಲ ಸೇರಿಸಿದ ಒಟ್ಟು ಮೊತ್ತವನ್ನೇ ಎದ್ದು ಕಾಣೋ ಹಾಗೆ ತೋರಿಸಬೇಕು. ಗಮನಿಸಿ, ಶುಲ್ಕ ಹಾಕಬಾರದು ಅಂತ ಅದು ಹೇಳೋದಿಲ್ಲ, ಬಚ್ಚಿಡಬಾರದು ಅನ್ನುತ್ತೆ. ಸರ್ಕಾರದ ತೆರಿಗೆಯನ್ನ ಈಗಲೂ ಕೊನೆಗೆ ಸೇರಿಸಬಹುದು. ಎರಡು ಹೋಟೆಲ್ ಹೋಲಿಸುವಾಗ ಕೊನೇ ಪುಟದವರೆಗೂ ಹೋಗಿ, ದುಡ್ಡು ಕಟ್ಟೋ ಗುಂಡಿಯ ಮೇಲಿರೋ ಮೊತ್ತವನ್ನಷ್ಟೇ ಹೋಲಿಸಿ.

ಇಷ್ಟೂ ಬಿಡಿಸಿ ಹೇಳಿದ ಮೇಲೆ ನನ್ನ ಮುಖ್ಯ ತಕರಾರಿಗೆ ಬರ್ತೀನಿ. ಓಷನ್ ಡ್ರೈವಿನ ಆ ಹಳೇ ಹೋಟೆಲ್‌ಗಳ ಅತಿ ಮುಖ್ಯ ಭಾಗ ರೂಮಲ್ಲ, ಜಗಲಿ. ಬಹುತೇಕ ಎಲ್ಲದರ ಮುಂದೆಯೂ ರಸ್ತೆಗಿಂತ ಒಂದೆರಡು ಮೆಟ್ಟಿಲು ಎತ್ತರದ ಜಗಲಿ ಇದೆ. 1960, 70ರ ದಶಕದಲ್ಲಿ ಅಲ್ಲಿ ಸಾಲಾಗಿ ಕುರ್ಚಿ ಹಾಕ್ಕೊಂಡು ಮುದುಕರು ಕೂರ್ತಿದ್ರು. ನ್ಯೂಯಾರ್ಕ್ ಕಡೆಯಿಂದ ಬಂದ ಯಹೂದಿ ನಿವೃತ್ತರು ಬಹಳ ಜನ, ಹಿಟ್ಲರನ ಕ್ಯಾಂಪುಗಳಿಂದ ಬದುಕಿ ಬಂದೋರೂ ಅವರಲ್ಲಿದ್ರು. ಅಗ್ಗದ ಬಾಡಿಗೆ, ಸಣ್ಣ ರೂಮು, ಎದುರಿಗೆ ಕಡಲು, ಪಕ್ಕದಲ್ಲಿ ಮಾತಿಗೆ ಜನ. ಊರು ಮತ್ತೆ ಫ್ಯಾಷನ್ ಆದ ಮೇಲೆ ಬಾಡಿಗೆ ಏರ್ತು, ಅವರು ಖಾಲಿ ಆದ್ರು. ಈಗ ಅದೇ ಜಗಲಿಗಳ ಮೇಲೆ ಊಟದ ಮೇಜು. ಮೆನು ಹಿಡಿದು ದಾರಿಗೆ ಅಡ್ಡ ನಿಲ್ಲೋರು, ಬೋಗುಣಿಯಷ್ಟು ದೊಡ್ಡ ಗಾಜಿನಲ್ಲಿ ಬಣ್ಣದ ಪಾನೀಯ, ಬಿಲ್ಲಿಗೆ ಮೊದಲೇ ಸೇರಿಸಿದ ಟಿಪ್ಸು. ಕೂರಬೇಕು ಅಂದ್ರೆ ಕೊಳ್ಳಬೇಕು. ಯಾವ ಕಟ್ಟಡದ ಜೀವ ಜಗಲಿಯಲ್ಲಿತ್ತೋ ಅದರ ಜಗಲಿಯನ್ನೇ ಬಾಡಿಗೆಗೆ ಬಿಟ್ಟು, ಒಳಗಿನ ಸಣ್ಣ ರೂಮನ್ನ "ಬೂಟಿಕ್" ಅಂತ ಕರೆದು ದುಬಾರಿ ದುಡ್ಡು ಕೇಳೋದು, ಕಟ್ಟಡವನ್ನ ಉಳಿಸಿ ಅದರ ಅರ್ಥವನ್ನ ಕೆಡವಿದ ಹಾಗೆ. ಬಣ್ಣಕ್ಕೆ ರಕ್ಷಣೆ ಸಿಕ್ಕಿತು, ಹುಬ್ಬಿಗೆ ಸಿಕ್ಕಿತು, ಕೂತಿದ್ದ ಮನುಷ್ಯನಿಗೆ ಸಿಗಲಿಲ್ಲ.

ಹಾಗಂತ ಹಳೇದೆಲ್ಲ ಚಿನ್ನ ಅನ್ನೋ ರಾಗ ನಾನು ಹಾಡಲಾರೆ. ಆ ಜಗಲಿ ಯಾವತ್ತೂ ಎಲ್ಲರದ್ದಾಗಿರಲಿಲ್ಲ. ಒಂದು ಕಾಲಕ್ಕೆ ಯಹೂದಿಗಳಿಗೇ ಪ್ರವೇಶ ಇಲ್ಲ ಅಂತ ಬೋರ್ಡು ಹಾಕಿಕೊಂಡ ಹೋಟೆಲ್‌ಗಳು ಅದೇ ದ್ವೀಪದಲ್ಲಿದ್ದವು. ಕಪ್ಪು ಜನರ ಪಾಡು ಅದಕ್ಕಿಂತ ಕಡೆ. ಅವರು ಅಲ್ಲಿ ಹಾಸಿಗೆ ಮಡಚಬಹುದು, ಅಡುಗೆ ಮಾಡಬಹುದು, ಆದ್ರೆ ರಾತ್ರಿ ಗಿರಾಕಿಯಾಗಿ ಮಲಗೋ ಹಾಗಿಲ್ಲ. ಕೆಲಸಕ್ಕೆ ಬರೋರು ಪೊಲೀಸರ ಹತ್ತಿರ ನೋಂದಣಿ ಮಾಡಿಸಿ ಗುರುತಿನ ಕಾರ್ಡು ಇಟ್ಟುಕೊಂಡಿರಬೇಕಿತ್ತು. ಎಲ್ಲಾ ಫಿಟ್ಜೆರಾಲ್ಡ್, ನ್ಯಾಟ್ ಕಿಂಗ್ ಕೋಲ್ ಅಂಥವರು ಬೀಚಿನ ದೊಡ್ಡ ವೇದಿಕೆಗಳಲ್ಲಿ ಹಾಡಿ, ಚಪ್ಪಾಳೆ ಹೊಡೆಸಿಕೊಂಡು, ಮಲಗೋಕೆ ಸೇತುವೆ ದಾಟಿ ಓವರ್‌ಟೌನ್ ಅನ್ನೋ ಕಪ್ಪು ಜನರ ಕೇರಿಗೆ ಹೋಗಬೇಕಿತ್ತು. 1964ರ ಫೆಬ್ರವರಿ 25ರ ರಾತ್ರಿ, 22 ವರ್ಷದ ಕ್ಯಾಷಿಯಸ್ ಕ್ಲೇ, ಮುಂದೆ ಮುಹಮ್ಮದ್ ಅಲಿ ಆದವನು, ಮಯಾಮಿ ಬೀಚಿನ ಕನ್ವೆನ್ಷನ್ ಹಾಲಿನಲ್ಲಿ ಸನ್ನಿ ಲಿಸ್ಟನ್ನನ್ನ ಸೋಲಿಸಿ ಜಗತ್ತಿನ ಚಾಂಪಿಯನ್ ಆದ. ಗೆದ್ದ ಸಂಭ್ರಮ ಆಚರಿಸಿದ್ದು ಬೀಚಿನ ಹೋಟೆಲಲ್ಲಲ್ಲ, ಒಳನಾಡಿನ ಬ್ರೌನ್ಸ್‌ವಿಲ್‌ನಲ್ಲಿದ್ದ ಹ್ಯಾಂಪ್ಟನ್ ಹೌಸ್ ಅನ್ನೋ ಮೋಟೆಲಿನಲ್ಲಿ. ಹೋಟೆಲ್‌ಗಳಲ್ಲಿ ಇಂಥ ಭೇದ ಮಾಡಬಾರದು ಅನ್ನೋ ದೇಶದ ಕಾನೂನು ಬಂದಿದ್ದು ಅದೇ ವರ್ಷದ ಜುಲೈನಲ್ಲಿ.

ಆ ಕಾಲದಲ್ಲಿ ಕಪ್ಪು ಪ್ರಯಾಣಿಕರ ಹತ್ತಿರ ಒಂದು ಹೋಟೆಲ್ ಪಟ್ಟಿ ಇರ್ತಿತ್ತು, ಗ್ರೀನ್ ಬುಕ್ ಅಂತ. ವಿಕ್ಟರ್ ಹ್ಯೂಗೋ ಗ್ರೀನ್ ಅನ್ನೋ ಅಂಚೆಯವನು 1936ರಲ್ಲಿ ಶುರು ಮಾಡಿದ್ದು. ಅದರಲ್ಲಿ ಓಷನ್ ವ್ಯೂ ಇರಲಿಲ್ಲ, 8.1 ಇರಲಿಲ್ಲ. ಊರ ಹೆಸರು, ಹೋಟೆಲ್ ಹೆಸರು, ವಿಳಾಸ, ಅಷ್ಟೇ ಸಾಕಿತ್ತು. ಪಟ್ಟಿಯಲ್ಲಿ ಹೆಸರಿದೆ ಅಂದ್ರೆ ನಮ್ಮನ್ನ ಒಳಗೆ ಬಿಡ್ತಾರೆ ಅಂತ ಅರ್ಥ. ನಾನು ಕೇಳಿರೋ ಹೋಟೆಲ್ ವಿಮರ್ಶೆಗಳಲ್ಲೆಲ್ಲ ಅತ್ಯಂತ ಪ್ರಾಮಾಣಿಕವಾದದ್ದು ಅದೇ. ಯಾಕಂದ್ರೆ ಅದು ಕೇಳಿದ್ದು ಎಲ್ಲಕ್ಕಿಂತ ಮೊದಲಿನ ಪ್ರಶ್ನೆ.

ಇದನ್ನ ಅಮೆರಿಕದ ಪಾಪ ಅಂತ ದೂರದಿಂದ ಓದಿ ಮುಗಿಸೋ ಹಾಗಿಲ್ಲ. ನಮ್ಮನೆಗೂ ಜಗಲಿ ಇತ್ತು. ಮಳೆಗಾಲದ ಸಂಜೆ ಅದರ ಮೇಲೆ ಕೂತು ಕಡ್ಲೆಕಾಯಿ ಸುಲಿದ ಸುಖದ ಬಗ್ಗೆ ನಾನು ಎಷ್ಟು ಬೇಕಾದ್ರೂ ಬರೀಬಹುದು. ಆದ್ರೆ ನಮ್ಮ ತೋಟದಲ್ಲಿ ವರ್ಷಗಟ್ಟಲೆ ದುಡಿದೋರು ಕೂಲಿ ತಗೊಳ್ಳೋಕೆ ಬಂದಾಗ ಕೂರ್ತಿದ್ದಿದ್ದು ಅಂಗಳದಲ್ಲಿ, ಜಗಲಿ ಮೇಲಲ್ಲ. ಊರ ಟೀ ಅಂಗಡಿಯಲ್ಲಿ ಅವರಿಗೆ ಬೇರೆ ಲೋಟ ಇತ್ತು. ಬೆಂಗಳೂರಿಗೆ ಬಂದ್ರೆ "ಮನೆ ಬಾಡಿಗೆಗಿದೆ, ಸಸ್ಯಾಹಾರಿಗಳಿಗೆ ಮಾತ್ರ" ಅನ್ನೋ ಬೋರ್ಡು ಈಗಲೂ ಕಾಣುತ್ತೆ. ಅದು ಊಟದ ಬಗ್ಗೆ ಹೇಳೋ ಮಾತಲ್ಲ ಅಂತ ಬರೆಸಿದವನಿಗೂ ಗೊತ್ತು, ಓದಿದವನಿಗೂ ಗೊತ್ತು. ಜಾಗ ಚೆನ್ನಾಗಿದೆಯಾ ಅಂತ ಕೇಳೋ ಭಾಗ್ಯ ಇರೋದು, ಒಳಗೆ ಬಿಡ್ತಾರಾ ಅಂತ ಕೇಳಬೇಕಾಗಿಲ್ಲದವರಿಗೆ. ಸ್ಟಾರ್ ಕೊಡೋ ಮೊದಲು ಇದೊಂದು ನೆನಪಿದ್ರೆ ಒಳ್ಳೇದು.

ಸರಿ, ಇಷ್ಟೆಲ್ಲ ಆದ ಮೇಲೂ ನೀವು ಹೋಗೋರೇ, ರೂಮು ಹಿಡಿಯೋರೇ. ಹಿಡೀರಿ. ನನ್ನ ತೀರ್ಮಾನ ಹೀಗಿದೆ.

ಹುಡುಗರು ಗುಂಪಾಗಿ ಹೋಗ್ತಿದ್ರೆ, ನಿದ್ದೆ ಬೇಡ ಅಂತಿದ್ರೆ ಓಷನ್ ಡ್ರೈವ್. ಗಲಾಟೆಯೇ ಅಲ್ಲಿನ ಸರಕು, ಆಮೇಲೆ ಗಲಾಟೆ ಅಂತ ರಿವ್ಯೂ ಬರೀಬೇಡಿ. ಗಂಡ-ಹೆಂಡತಿ, ಕಡಲಿಗೆ ಹತ್ತಿರ ಇರಬೇಕು ಅಂದ್ರೆ 15ರಿಂದ 23ನೇ ಬೀದಿ ನಡುವೆ ಕಾಲಿನ್ಸ್‌ನ ಪೂರ್ವದ ಮಗ್ಗುಲು, ದುಡ್ಡು ಜಾಸ್ತಿ. ಅಪ್ಪ-ಅಮ್ಮ ಜೊತೆಗಿದ್ರೆ ಎರಡು ದಾರಿ. ಒಂದು, 5ನೇ ಬೀದಿಗಿಂತ ಕೆಳಗಿನ ದಕ್ಷಿಣದ ತುದಿ. ಅಲ್ಲಿನ ಸೌತ್ ಪಾಯಿಂಟ್ ಪಾರ್ಕಿನಲ್ಲಿ ಕೂತ್ರೆ ದೊಡ್ಡ ಕಟ್ಟಡದಷ್ಟು ಎತ್ತರದ ಕ್ರೂಸ್ ಹಡಗುಗಳು ಕಲ್ಲೆಸೆದ್ರೆ ತಾಗೋ ದೂರದಲ್ಲಿ ಕಡಲಿಗೆ ಹೊರಡ್ತವೆ. ಅಪ್ಪ ಆ ಬೆಂಚಿನಿಂದ ಎರಡು ಗಂಟೆ ಎದ್ದಿರಲಿಲ್ಲ. ಕೂರೋಕೆ ಯಾರೂ ದುಡ್ಡು ಕೇಳಲಿಲ್ಲ. ಇನ್ನೊಂದು, 63ನೇ ಬೀದಿ ದಾಟಿದ ನಾರ್ತ್ ಬೀಚ್. ಫ್ಯಾಷನ್ ಕಡಿಮೆ, ಬಾಡಿಗೆ ಕಡಿಮೆ, ಸಣ್ಣ ಅಡುಗೆಮನೆ ಇರೋ ರೂಮು ಸಿಗುತ್ತೆ. ಅನ್ನ-ಸಾರು ಮಾಡ್ಕೋಬಹುದು, ಒಗ್ಗರಣೆ ಹಾಕುವಾಗ ಮಾತ್ರ ಹೊಗೆಯ ಅಲಾರಂ ಮೇಲೆ ಕಣ್ಣಿರಲಿ. ದ್ವೀಪದಲ್ಲಿ ಪುಕ್ಕಟೆ ಟ್ರಾಲಿ ಬಸ್ಸು ಓಡಾಡುತ್ತೆ, ಕಡಲ ಪಕ್ಕದಲ್ಲೇ ನಡೆಯೋಕೆ ದಾರಿ ಇದೆ. ಹಾಗಾಗಿ ಕಾರು ಬಿಟ್ಟು ಹೋದ್ರೆ ದಿನದ ಪಾರ್ಕಿಂಗ್ ದುಡ್ಡು ಉಳೀತು.

ತಿಂಗಳು ನೋಡಿಕೊಂಡು ಹೋಗಿ. ಮಾರ್ಚ್ ಅಂದ್ರೆ ಕಾಲೇಜು ಹುಡುಗರ ಸ್ಪ್ರಿಂಗ್ ಬ್ರೇಕ್. ಗಲಾಟೆ ಕೈಮೀರಿ 2021ರಲ್ಲಿ ರಾತ್ರಿ ಎಂಟಕ್ಕೇ ಕರ್ಫ್ಯೂ ಹಾಕಿದ್ರು, ಮುಂದಿನ ಎರಡು ವರ್ಷವೂ ಕರ್ಫ್ಯೂ ಬಂತು, 2024ರಲ್ಲಿ ನಗರಸಭೆಯೇ "ದಯವಿಟ್ಟು ಬರಬೇಡಿ" ಅನ್ನೋ ಧಾಟಿಯ ಜಾಹೀರಾತು ಕೊಟ್ಟಿತು. ಜೂನ್ 1ರಿಂದ ನವೆಂಬರ್ 30ರವರೆಗೆ ಚಂಡಮಾರುತದ ಕಾಲ, ಕ್ಯಾನ್ಸಲ್ ಮಾಡಿದ್ರೆ ದುಡ್ಡು ವಾಪಸ್ ಬರೋ ರೂಮನ್ನೇ ಹಿಡೀರಿ. ಬೇಸಿಗೆಯಲ್ಲಿ ಸರ್ಗಾಸಮ್ ಅನ್ನೋ ಕಂದು ಪಾಚಿ ದಂಡೆಗೆ ಬಂದು ಕೊಳೆತು ನಾರೋದುಂಟು. ಸೆಪ್ಟೆಂಬರಿಂದ ನವೆಂಬರ್ ನಡುವೆ ದೊಡ್ಡ ಉಬ್ಬರ ಬಂದಾಗ, ಮಳೆ ಇಲ್ಲದ ದಿನವೂ ಕೊಲ್ಲಿ ಕಡೆಯ ತಗ್ಗು ರಸ್ತೆಗಳಲ್ಲಿ ನೀರು ನಿಲ್ಲಬಹುದು. ನಗರಸಭೆ ಪಂಪು ಹಾಕಿ, ರಸ್ತೆ ಎತ್ತರಿಸಿ ಹೆಣಗಾಡ್ತಿದೆ.

ರಿವ್ಯೂ ಓದೋದಾದ್ರೆ 10 ಕೊಟ್ಟೋರನ್ನ ಬಿಡಿ, 1 ಕೊಟ್ಟೋರನ್ನೂ ಬಿಡಿ, ನಡುವಿನವರನ್ನ ಓದಿ. ಅವರಲ್ಲೂ ನಿಮ್ಮ ವಯಸ್ಸಿನ, ನಿಮ್ಮಷ್ಟೇ ಸಂಸಾರ ಕಟ್ಟಿಕೊಂಡು ಹೋದವರು ಯಾರು ಅಂತ ಹುಡುಕಿ. ಫೋಟೋದಲ್ಲಿ ಮಂಚ ಎಷ್ಟು ದೊಡ್ಡದಿದೆ ಅಂತ ನೋಡಬೇಡಿ, ಮಂಚಕ್ಕೂ ಗೋಡೆಗೂ ನಡುವೆ ಸೂಟ್‌ಕೇಸ್ ಬಿಚ್ಚಿಡೋಕೆ ಜಾಗ ಇದೆಯಾ ನೋಡಿ. ಆಮೇಲೆ ಹೋಟೆಲಿಗೇ ಫೋನ್ ಹಚ್ಚಿ ಒಂದೇ ಒಂದು ಪ್ರಶ್ನೆ ಕೇಳಿ: "ಮುಂದಿನ ಜಗಲಿ ಮೇಲೆ ಏನೂ ಕೊಳ್ಳದೆ ಒಂದು ಗಂಟೆ ಕೂರಬಹುದಾ?" ಹೌದು ಅಂದ್ರೆ ಹೋಗಿ. ತಡವರಿಸಿದ್ರೆ ಇನ್ನೊಂದು ಹೋಟೆಲ್ ನೋಡಿ.

ಮೂರು ದಿನದಲ್ಲಿ ಅರ್ಧ ದಿನ ಉಳಿಸಿಕೊಂಡು ಸೇತುವೆ ದಾಟಿ ಬ್ರೌನ್ಸ್‌ವಿಲ್ ಕಡೆಗೂ ಒಮ್ಮೆ ಹೋಗಿ ಬನ್ನಿ. ಹ್ಯಾಂಪ್ಟನ್ ಹೌಸನ್ನ ಕೆಡವದೆ ದುರಸ್ತಿ ಮಾಡಿ ಈಗ ನೋಡೋಕೆ ಇಟ್ಟಿದ್ದಾರೆ. ಅಲ್ಲಿಂದ ಕಡಲು ಕಾಣೋದಿಲ್ಲ.